ಜಾಲದ ಮುಖ್ಯ ನಾಲೆ: ಪದರ ವಿನ್ಯಾಸದಲ್ಲಿ ಕೋರ್ ಸ್ವಿಚ್‌ನ ಪಾತ್ರ

(ಗ್ರಾಮ ಪಂಚಾಯಿತಿ ಸದಸ್ಯರಿಗಾಗಿ ಅಧ್ಯಯನ ಲೇಖನ)

ಇ-ಸ್ವತ್ತು, ಪಂಚತಂತ್ರ, ಇ-ಗ್ರಾಮ ಸ್ವರಾಜ್ ಹಾಗೂ ಬಾಪೂಜಿ ಸೇವಾ ಕೇಂದ್ರದ ಸೇವೆಗಳು ಗಣಕ ಜಾಲವನ್ನು ಅವಲಂಬಿಸಿವೆ. ಜಾಲ ಸ್ಥಗಿತಗೊಂಡ ದಿನ ಅರ್ಜಿದಾರರು ಬರಿಗೈಯಲ್ಲಿ ಹಿಂದಿರುಗಬೇಕಾಗುತ್ತದೆ. ಎಲ್ಲ ಬಗೆಯ ದೋಷಗಳಿಗೂ "ಸರ್ವರ್ ಇಲ್ಲ" ಎಂಬ ಒಂದೇ ಉತ್ತರ ನೀಡುವ ಬದಲು, ದೋಷವು ಜಾಲದ ಯಾವ ಹಂತದಲ್ಲಿದೆ ಎಂಬುದನ್ನು ಗುರುತಿಸಿದರೆ ದೂರು ಸರಿಯಾದ ಸ್ಥಳಕ್ಕೆ ತಲುಪುತ್ತದೆ. ಇದಕ್ಕೆ ಜಾಲದ ಪದರ ವಿನ್ಯಾಸದ ಅರಿವು ಅಗತ್ಯ.

1. ಮೂರು ಪದರಗಳು

ದೊಡ್ಡ ಜಾಲಗಳನ್ನು ಸಾಮಾನ್ಯವಾಗಿ ಮೂರು ಪದರಗಳಲ್ಲಿ ರಚಿಸಲಾಗುತ್ತದೆ. ಇದನ್ನು ನೀರಾವರಿ ವ್ಯವಸ್ಥೆಗೆ ಹೋಲಿಸಬಹುದು. ಕಂಪ್ಯೂಟರ್ ಮತ್ತು ಪ್ರಿಂಟರ್‌ಗಳು ನೇರವಾಗಿ ಸೇರುವ ಆಕ್ಸೆಸ್ ಸ್ವಿಚ್ ಹೊಲಗಾಲುವೆಯಂತೆ. ಹಲವು ಆಕ್ಸೆಸ್ ಸ್ವಿಚ್‌ಗಳನ್ನು ಒಗ್ಗೂಡಿಸಿ, ಯಾರಿಗೆ ಯಾವ ಮಾಹಿತಿ ತಲುಪಬೇಕೆಂಬ ನಿಯಮಗಳನ್ನು ಜಾರಿಗೊಳಿಸುವ ಡಿಸ್ಟ್ರಿಬ್ಯೂಷನ್ ಸ್ವಿಚ್ ವಿತರಣಾ ನಾಲೆಯಂತೆ. ಇವೆಲ್ಲವನ್ನೂ ಬೆಸೆಯುವ ಕೋರ್ ಸ್ವಿಚ್ ಮುಖ್ಯ ನಾಲೆಯಂತೆ.

2. ಕೋರ್ ಸ್ವಿಚ್‌ನ ಕಾರ್ಯ

ಬಂದ ಮಾಹಿತಿಯನ್ನು ತಡೆಯಿಲ್ಲದೆ, ಅತಿ ವೇಗವಾಗಿ ಮುಂದಕ್ಕೆ ಸಾಗಿಸುವುದು ಕೋರ್ ಸ್ವಿಚ್‌ನ ಮುಖ್ಯ ಕರ್ತವ್ಯ. ಮುಖ್ಯ ನಾಲೆಗೆ ಪ್ರತಿ ಹೊಲದಿಂದಲೂ ನೇರ ತೂಬು ಇಡಲು ಅವಕಾಶವಿಲ್ಲದಂತೆ, ಬಳಕೆದಾರರ ಕಂಪ್ಯೂಟರ್‌ಗಳನ್ನು ಕೋರ್ ಸ್ವಿಚ್‌ಗೆ ನೇರವಾಗಿ ಜೋಡಿಸುವುದಿಲ್ಲ. ಪರಿಶೀಲನೆ ಮತ್ತು ನಿರ್ಬಂಧದ ನಿಯಮಗಳನ್ನು ಸಾಧ್ಯವಾದಷ್ಟು ಕೆಳಗಿನ ಪದರಗಳಲ್ಲಿಯೇ ಇರಿಸಲಾಗುತ್ತದೆ.

ಆಕ್ಸೆಸ್ ಸ್ವಿಚ್ ಕೆಟ್ಟರೆ ಒಂದು ಕೊಠಡಿಯ ಅಥವಾ ಒಂದು ಅಂತಸ್ತಿನ ಕೆಲಸ ನಿಲ್ಲುತ್ತದೆ. ಕೋರ್ ಕೆಟ್ಟರೆ ಇಡೀ ಜಾಲವೇ ನಿಲ್ಲಬಹುದು. ಆದುದರಿಂದ ಕೋರ್ ಸ್ವಿಚ್‌ಗಳನ್ನು ಜೋಡಿಯಾಗಿ ಸ್ಥಾಪಿಸಲಾಗುತ್ತದೆ. ಉದಾಹರಣೆಗೆ, ಒಂದು ಉಪಕರಣವು ವರ್ಷದ ಶೇ. 99ರಷ್ಟು ಸಮಯ ಕಾರ್ಯನಿರ್ವಹಿಸುತ್ತದೆ ಎಂದುಕೊಂಡರೆ, ಉಳಿದ ಶೇ. 1 ಎಂದರೆ ಸುಮಾರು 88 ಗಂಟೆಗಳ ಸ್ಥಗಿತ. ಪರಸ್ಪರ ಅವಲಂಬನೆಯಿಲ್ಲದ ಅಂತಹ ಎರಡು ಉಪಕರಣಗಳಿದ್ದಲ್ಲಿ, ಎರಡೂ ಏಕಕಾಲಕ್ಕೆ ನಿಲ್ಲುವ ಅವಧಿ ವರ್ಷಕ್ಕೆ ಒಂದು ಗಂಟೆಗಿಂತ ಕಡಿಮೆ. ಆದರೆ ಎರಡಕ್ಕೂ ಒಂದೇ ಯುಪಿಎಸ್, ಒಂದೇ ಕೇಬಲ್ ಮಾರ್ಗವಿದ್ದರೆ ಈ ಪ್ರಯೋಜನ ಬಹುಮಟ್ಟಿಗೆ ನಷ್ಟವಾಗುತ್ತದೆ.

3. ಗ್ರಾಮ ಪಂಚಾಯಿತಿಯ ಸ್ಥಾನ

ರಾಜ್ಯ ವಿಸ್ತೃತ ಪ್ರದೇಶ ಜಾಲವು ರಾಜ್ಯ, ಜಿಲ್ಲೆ, ತಾಲ್ಲೂಕು ಎಂಬ ಇಂತಹುದೇ ಶ್ರೇಣಿಯಲ್ಲಿದೆ. ಗ್ರಾಮ ಪಂಚಾಯಿತಿಗಳಿಗೆ ಆಪ್ಟಿಕಲ್ ಫೈಬರ್ ಒದಗಿಸುವ ಯೋಜನೆಗೆ ಕೇಂದ್ರ ಸರ್ಕಾರವು 2011ರಲ್ಲಿ ಅನುಮೋದನೆ ನೀಡಿತು. ಅದೇ ಇಂದಿನ ಭಾರತ್‌ನೆಟ್. ಅದರ ಮೊದಲ ಹಂತದಲ್ಲಿ ತಾಲ್ಲೂಕು ಮಟ್ಟದ ಒಎಲ್‌ಟಿ ಉಪಕರಣದಿಂದ ಪಂಚಾಯಿತಿಯ ಒಎನ್‌ಟಿ ಪೆಟ್ಟಿಗೆಗೆ ಒಂದೇ ಮಾರ್ಗದ ಫೈಬರ್ ಎಳೆಯಲಾಯಿತು. ಮಧ್ಯದಲ್ಲಿ ಕೇಬಲ್ ತುಂಡಾದರೆ ಅದರಾಚೆಗಿನ ಪಂಚಾಯಿತಿಗಳ ಸಂಪರ್ಕವೂ ಕಡಿಯುತ್ತದೆ. ಈ ಕೊರತೆಯನ್ನು ನೀಗಿಸಲು 2023ರಲ್ಲಿ ಅನುಮೋದನೆಗೊಂಡ ತಿದ್ದುಪಡಿ ಕಾರ್ಯಕ್ರಮದಲ್ಲಿ ಉಂಗುರಾಕಾರದ ಮಾರ್ಗವನ್ನು ಅಳವಡಿಸಿಕೊಳ್ಳಲಾಗಿದೆ. ಉಂಗುರದ ಒಂದು ಕಡೆ ತುಂಡಾದರೂ ಮತ್ತೊಂದು ಕಡೆಯಿಂದ ಸಂಪರ್ಕ ಉಳಿಯುತ್ತದೆ. ಕೋರ್ ಸ್ವಿಚ್‌ಗಳನ್ನು ಜೋಡಿಯಾಗಿಡುವ ತತ್ವವೇ ಇಲ್ಲಿ ಮಾರ್ಗಕ್ಕೆ ಅನ್ವಯಗೊಂಡಿದೆ.

4. ಸದಸ್ಯರು ಗಮನಿಸಬೇಕಾದ ಅಂಶಗಳು

(ಅ) ಕಚೇರಿಯ ಒಂದು ಕಂಪ್ಯೂಟರ್‌ಗೆ ಮಾತ್ರ ಸಂಪರ್ಕವಿಲ್ಲದಿದ್ದರೆ ದೋಷವು ಆ ಕಂಪ್ಯೂಟರ್, ಅದರ ಕೇಬಲ್ ಅಥವಾ ಕಚೇರಿಯ ಸ್ವಿಚ್‌ನಲ್ಲಿರುವ ಸಂಭವ ಹೆಚ್ಚು. ಒಎನ್‌ಟಿಯ ಪವರ್ ದೀಪ ಆರಿದ್ದರೆ ವಿದ್ಯುತ್ ಸಂಪರ್ಕವನ್ನು ಪರಿಶೀಲಿಸಬೇಕು. "ಎಲ್ಒಎಸ್" ದೀಪ ಕೆಂಪಾಗಿದ್ದರೆ ಫೈಬರ್‌ನಲ್ಲಿ ಬೆಳಕಿನ ಸಂಕೇತ ಬರುತ್ತಿಲ್ಲವೆಂದು ಅರ್ಥ. ದೀಪಗಳು ಸರಿಯಿದ್ದು, ನೆರೆಯ ಪಂಚಾಯಿತಿಗಳಲ್ಲಿಯೂ ಸಂಪರ್ಕವಿಲ್ಲದಿದ್ದರೆ ದೋಷವು ಮೇಲಿನ ಪದರದಲ್ಲಿರಬಹುದು. ದೂರಿನಲ್ಲಿ ಈ ವಿವರ ಹಾಗೂ ಸಂಪರ್ಕ ಕಡಿತಗೊಂಡ ಸಮಯವನ್ನು ನಮೂದಿಸುವುದು ಸೂಕ್ತ.

(ಆ) ಕೆಲವೇ ಕಂಪ್ಯೂಟರ್‌ಗಳಿರುವ ಪಂಚಾಯಿತಿ ಕಚೇರಿಗೆ ಸಾಮಾನ್ಯವಾಗಿ 8 ಅಥವಾ 16 ಪೋರ್ಟ್‌ಗಳ ಸಾಧಾರಣ ಸ್ವಿಚ್ ಸಾಕು. ಖರೀದಿ ಪ್ರಸ್ತಾವನೆಯಲ್ಲಿ ಕೋರ್ ಸ್ವಿಚ್ ಸೇರಿದ್ದರೆ ಅದರ ಅಗತ್ಯವನ್ನು ಸಭೆಯಲ್ಲಿ ಪ್ರಶ್ನಿಸಬೇಕು. ಬಹುತೇಕ ಸಂದರ್ಭಗಳಲ್ಲಿ ಅದೇ ಹಣದಿಂದ ಉತ್ತಮ ಯುಪಿಎಸ್ ಬ್ಯಾಟರಿ ಒದಗಿಸುವುದು ಹೆಚ್ಚು ಉಪಯುಕ್ತ.

(ಇ) ಚರಂಡಿ, ರಸ್ತೆ ಹಾಗೂ ಕುಡಿಯುವ ನೀರಿನ ಕೊಳವೆ ಕಾಮಗಾರಿಗಳ ಅಗೆತದಿಂದ ಫೈಬರ್ ತುಂಡಾಗುವುದುಂಟು. ಜೆಸಿಬಿ ಇಳಿಸುವ ಮುನ್ನ ಕೇಬಲ್ ಮಾರ್ಗವನ್ನು ಗುರುತಿಸಿಕೊಳ್ಳಬೇಕು. ಅಗೆಯುವವರು ಭೂಗತ ಆಸ್ತಿಗಳ ಮಾಲೀಕ ಸಂಸ್ಥೆಗಳಿಗೆ ಮುಂಚಿತವಾಗಿ ತಿಳಿಸಲು 2023ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರವು "ಕಾಲ್ ಬಿಫೋರ್ ಯು ಡಿಗ್" ಆ್ಯಪ್ ಅನ್ನು ಜಾರಿಗೆ ತಂದಿದೆ. ಗುತ್ತಿಗೆದಾರರು ಇದನ್ನು ಬಳಸುವಂತೆ ಕಾರ್ಯಾದೇಶದಲ್ಲಿಯೇ ಷರತ್ತು ವಿಧಿಸಬಹುದು.

ಮೇಲಿನ ಪದರಗಳ ನಿರ್ವಹಣೆ ಪಂಚಾಯಿತಿಯ ಕೈಯಲ್ಲಿಲ್ಲ. ಆದರೆ ಮುಖ್ಯ ನಾಲೆಯಲ್ಲಿ ಎಷ್ಟೇ ನೀರು ಹರಿದರೂ ಹೊಲಗಾಲುವೆ ಒಡೆದಿದ್ದರೆ ಬೆಳೆ ಒಣಗುತ್ತದೆ. ಗ್ರಾಮದ ವ್ಯಾಪ್ತಿಯಲ್ಲಿರುವ ಕೊನೆಯ ಪದರವನ್ನು ಕಾಪಾಡುವುದು ಸ್ಥಳೀಯ ಆಡಳಿತದ ಹೊಣೆ.