ಮೆಕ್ಕೆಜೋಳದ ರಾಶಿಗೆ ಕಂಪ್ಯೂಟರ್ ನಂಬರು



ವ್ಯಾಪಾರ ಮಾಡುವವರಿಗೆ ದಿನಾಲೂ ಕೆಲವು ಸಂಗತಿ ಗೊತ್ತಿರಬೇಕಾಗುತ್ತದೆ. ಮಾಲು ಎಷ್ಟು ಬಂತು, ಯಾರದು, ಎಷ್ಟಕ್ಕೆ ಹೋಯ್ತು, ಯಾರ ದುಡ್ಡು ಬಾಕಿ ಐತೆ. ಇವನ್ನೆಲ್ಲ ಬರೆದಿಟ್ಟು, ಜೋಡಿಸಿ, ಬೇಕಾದವರಿಗೆ ಬೇಕಾದ ಹೊತ್ತಿಗೆ ಸಿಗುವ ಹಾಗೆ ಮಾಡುವ ಏರ್ಪಾಡಿಗೆ ಮಾಹಿತಿ ವ್ಯವಸ್ಥೆ ಎಂದು ಹೆಸರು. ಇದಕ್ಕೆ ಕಂಪ್ಯೂಟರ್ ಇರಲೇಬೇಕು ಅಂತೇನಿಲ್ಲ. ಕಿರಾಣಿ ಅಂಗಡಿಯ ಉದ್ರಿ ಪುಸ್ತಕವೂ ಒಂದು ಮಾಹಿತಿ ವ್ಯವಸ್ಥೆಯೇ. ಹರಿಹರದ ಹರಿಹರೇಶ್ವರ ಗುಡಿ 1224 ರಲ್ಲಿ ಕಟ್ಟಿದ್ದು. ಅಲ್ಲಿಯ ಶಾಸನದ ಕಲ್ಲುಗಳಲ್ಲಿ ಯಾರು ಏನು ದಾನ ಕೊಟ್ಟರು ಎಂಬ ಲೆಕ್ಕ ಇದೆ. ಕಲ್ಲಿನ ಲೆಕ್ಕವನ್ನು ಸುಲಭಕ್ಕೆ ತಿದ್ದೋಕೆ ಆಗಲ್ಲ. ಆದರೆ ನೋಡಬೇಕಾದರೆ ಕಲ್ಲಿನ ಹತ್ತಿರವೇ ಹೋಗಬೇಕು.

ಈಗ ದಾವಣಗೆರೆಗೆ ಬರೋಣ. ನಮ್ಮ ಕಡೆಯವರು ಮೆಕ್ಕೆಜೋಳವನ್ನು ದಾವಣಗೆರೆ ಎ.ಪಿ.ಎಂ.ಸಿ. ಯಾರ್ಡಿಗೇ ಹೆಚ್ಚಾಗಿ ಒಯ್ಯುತ್ತಾರೆ. ಹರಿಹರದಿಂದ ಸುಮಾರು 14 ಕಿಲೋಮೀಟರು. ಟ್ರ್ಯಾಕ್ಟರು ಹೋಗಿ ದಲಾಲಿ ಅಂಗಡಿಯ ಮುಂದೆ ನಿಲ್ಲುತ್ತದೆ. ಹಮಾಲರು ಇಳಿಸುತ್ತಾರೆ. ರಾಶಿ ಬೀಳುತ್ತದೆ. ಆಮೇಲೆ ರೇಟು ಆಗಬೇಕು. ಈ ರೇಟು ಹೇಗೆ ಆಗುತ್ತದೆ ಎಂಬುದೇ ನನ್ನ ಲೇಖನದ ವಿಷಯ.

ನಮ್ಮ ಅಜ್ಜ ಹೇಳುವ ಪ್ರಕಾರ, ಹಿಂದಿನ ಕಾಲದಲ್ಲಿ ಕೆಲವು ಸಂತೆಗಳಲ್ಲಿ ಟವೆಲ್ಲಿನ ಕೆಳಗೆ ಕೈ ಹಿಡಿದು ಬೆರಳಿನಲ್ಲೇ ರೇಟು ಮಾತಾಡುತ್ತಿದ್ದರಂತೆ. ಪಕ್ಕದಲ್ಲಿ ನಿಂತ ರೈತನಿಗೇ ಗೊತ್ತಾಗುತ್ತಿರಲಿಲ್ಲ. ಆಮೇಲೆ ಟೆಂಡರ್ ಚೀಟಿ ಬಂತು. ಖರೀದಿದಾರರು ರಾಶಿ ನೋಡಿ, ಚೀಟಿಯಲ್ಲಿ ರೇಟು ಬರೆದು ಪೆಟ್ಟಿಗೆಗೆ ಹಾಕುವುದು. ಸಿಬ್ಬಂದಿಯವರು ಪೆಟ್ಟಿಗೆ ತೆಗೆದು, ಒಂದೊಂದು ರಾಶಿಗೂ ಯಾರದು ಹೆಚ್ಚು ಅಂತ ಹುಡುಕಿ ಬರೆಯುವುದು. ಇದು ಒಳ್ಳೆಯ ಪದ್ಧತಿಯೇ, ಆದರೆ ಲೆಕ್ಕ ಹಾಕಿ ನೋಡಿ. ಒಂದು ದಿನ 300 ರಾಶಿ ಬಿದ್ದು, ಒಂದೊಂದಕ್ಕೆ 20 ಜನ ಚೀಟಿ ಹಾಕಿದರೆ 6000 ಚೀಟಿ! ಓದೋದು ತಡ, ಬರೆಯೋದು ತಡ. ಕತ್ತಲಾದರೆ ರೈತ ಅಲ್ಲೇ ರಾಶಿ ಕಾಯ್ತಾ ಮಲಗಬೇಕು.

ನಮ್ಮ ರಾಜ್ಯದಲ್ಲಿ 2014 ರಲ್ಲಿ ಏಕೀಕೃತ ಮಾರುಕಟ್ಟೆ ವೇದಿಕೆ ಎಂಬ ವ್ಯವಸ್ಥೆ ಶುರುವಾಯಿತು. ಇದನ್ನು ನಡೆಸಲು ರಾಜ್ಯ ಸರ್ಕಾರ ಮತ್ತು ಎನ್.ಸಿ.ಡಿ.ಇ.ಎಕ್ಸ್. ಕಡೆಯವರು ಸೇರಿ ರಾಷ್ಟ್ರೀಯ ಇ-ಮಾರ್ಕೆಟ್ ಸರ್ವಿಸಸ್ ಎಂಬ ಕಂಪನಿ ಮಾಡಿದರು. 2019 ರ ಹೊತ್ತಿಗೆ ರಾಜ್ಯದ 160ಕ್ಕೂ ಹೆಚ್ಚು ಮಾರುಕಟ್ಟೆಗಳು ಇದರೊಳಗೆ ಬಂದಿದ್ದವು. ಕೇಂದ್ರ ಸರ್ಕಾರದ ಇ-ನಾಮ್ ಶುರುವಾಗಿದ್ದು 2016 ರ ಏಪ್ರಿಲ್ 14 ರಂದು, ಅಂದರೆ ಕರ್ನಾಟಕದ ನಂತರ.

ಇದರಲ್ಲಿ ಗೇಟಿನಲ್ಲೇ ರೈತನ ಹೆಸರು, ಮಾಲು, ಚೀಲದ ಲೆಕ್ಕ ಕಂಪ್ಯೂಟರಿಗೆ ಹೋಗುತ್ತದೆ. ರಾಶಿಗೆ ಒಂದು ಲಾಟ್ ನಂಬರು ಬೀಳುತ್ತದೆ. ನಮಗೆ ಹಾಜರಿ ನಂಬರು ಇದ್ದ ಹಾಗೆ. ಖರೀದಿದಾರರು ಆ ನಂಬರಿಗೆ ತಮ್ಮ ರೇಟು ಹಾಕುತ್ತಾರೆ. ಒಬ್ಬರ ರೇಟು ಇನ್ನೊಬ್ಬರಿಗೆ ಕಾಣುವುದಿಲ್ಲ. ಹೊತ್ತು ಮುಗಿದ ಮೇಲೆ ಹೆಚ್ಚು ಹಾಕಿದವರ ಹೆಸರು ಬರುತ್ತದೆ. ರೈತನ ಮೊಬೈಲಿಗೆ ಸಂದೇಶ ಬರುತ್ತದೆ. ರೇಟು ಒಪ್ಪಿಗೆಯಾದರೆ ತೂಕ, ಪಟ್ಟಿ, ದುಡ್ಡು. ಒಪ್ಪಿಗೆ ಇಲ್ಲದಿದ್ದರೆ ಬೇಡ ಅನ್ನಬಹುದು. ಈ 'ಬೇಡ' ಅನ್ನುವ ಹಕ್ಕು ಬಹಳ ದೊಡ್ಡದು.

ಇಲ್ಲಿ ನನಗೆ ಒಂದು ಪ್ರಶ್ನೆ ಬಂತು. ಕಂಪ್ಯೂಟರಿಗೆ ಮೆಕ್ಕೆಜೋಳ ಅಂದರೆ ಏನು ಗೊತ್ತು? ಏನೂ ಗೊತ್ತಿಲ್ಲ. ಹಾಗಾದರೆ ಪ್ರೋಗ್ರಾಂ ಬರೆಯುವವರು ಮೊದಲು ಏನು ಮಾಡಬೇಕು? ಯಾರ್ಡಿಗೆ ಬಂದು ನಿಂತು ನೋಡಬೇಕು. ದಲಾಲರನ್ನು, ಹಮಾಲರನ್ನು, ತೂಕದವರನ್ನು, ರೈತರನ್ನು ಕೇಳಬೇಕು. ಕೇಳಬೇಕಾದ ಪ್ರಶ್ನೆ ಒಂದೆರಡಲ್ಲ. ಇಬ್ಬರು ಒಂದೇ ರೇಟು ಹಾಕಿದರೆ ಮಾಲು ಯಾರಿಗೆ? ಒಬ್ಬರು ಅವಸರದಲ್ಲಿ ಒಂದು ಸೊನ್ನೆ ಹೆಚ್ಚು ಒತ್ತಿ 2100 ಬದಲು 21000 ಹಾಕಿದರೆ? ಗೇಟಿನಲ್ಲಿ 40 ಚೀಲ ಅಂತ ಬರೆಸಿ ಇಳಿಸುವಾಗ 38 ಆದರೆ? ರೇಟು ಆದ ಮೇಲೆ ತೂಕದ ಮೊದಲು ಮಳೆ ಬಂದು ರಾಶಿ ನೆನೆದರೆ ನಷ್ಟ ಯಾರದು? ಕರೆಂಟು ಹೋದರೆ? ಇವಕ್ಕೆಲ್ಲ ಮೊದಲೇ ಉತ್ತರ ಬರೆದಿಟ್ಟುಕೊಂಡರೆ ಮಾತ್ರ ಪ್ರೋಗ್ರಾಂ ಸರಿಯಾಗುತ್ತದೆ. ನನ್ನ ಅಭಿಪ್ರಾಯದಲ್ಲಿ ಪ್ರೋಗ್ರಾಂ ಬರೆಯೋದಕ್ಕಿಂತ ಈ ಪ್ರಶ್ನೆ ಹುಡುಕೋದೇ ಕಷ್ಟ. ಮಳೆಯ ಪ್ರಶ್ನೆ ಕೋಣೆಯಲ್ಲಿ ಕುಳಿತವರಿಗೆ ಹೊಳೆಯುವುದೇ ಇಲ್ಲ, ರಾಶಿ ಕಾದವರಿಗೆ ಹೊಳೆಯುತ್ತದೆ.

ಇನ್ನೊಂದು ತೊಂದರೆ ತೇವದ್ದು. ಖರೀದಿದಾರರು ಕಾಳನ್ನು ಹಲ್ಲಿನಲ್ಲಿ ಕಚ್ಚಿ ನೋಡಿ, ಹಸಿ ಐತೆ, ಒಣಗೈತೆ ಅಂತ ಹೇಳಿಬಿಡುತ್ತಾರೆ. ಆದರೆ ಬೇರೆ ಊರಿನಲ್ಲಿ ಕುಳಿತು ರೇಟು ಹಾಕುವವರು ಹೇಗೆ ಕಚ್ಚುತ್ತಾರೆ? ಅದಕ್ಕೇ ತೇವ ಅಳೆಯುವ ಮೀಟರು ಬೇಕು. ಸರ್ಕಾರ ಬೆಂಬಲ ಬೆಲೆಗೆ ಕೊಳ್ಳುವಾಗ ಮೆಕ್ಕೆಜೋಳದ ತೇವ ಶೇಕಡಾ 14 ಮೀರಬಾರದು. 'ಸ್ವಲ್ಪ ಹಸಿ' ಎಂಬ ಮಾತಿನಲ್ಲಿ ಜಗಳ ಆಗುತ್ತದೆ, '16' ಎಂದು ಬರೆದರೆ ಎಲ್ಲ ಊರಿನವರಿಗೂ ಒಂದೇ ಅರ್ಥ. ಹಾಲಿನ ಡೈರಿಯಲ್ಲಿ ಫ್ಯಾಟ್ ಅಳೆದು ಚೀಟಿ ಕೊಡುವುದೂ ಇದೇ ಕಾರಣಕ್ಕೆ. ಅಳೆಯದೇ ಇದ್ದರೆ ಕಂಪ್ಯೂಟರಿಗೆ ಕೊಡಲು ನಮ್ಮ ಹತ್ತಿರ ಏನೂ ಇರುವುದಿಲ್ಲ.

ಇಷ್ಟೆಲ್ಲ ಮಾಡಿ ರೈತನಿಗೆ ಏನು ಸಿಕ್ಕಿತು? ಕರ್ನಾಟಕದ ಈ ವ್ಯವಸ್ಥೆಯ ಬಗ್ಗೆ ಒಂದು ಅಧ್ಯಯನ 2020 ರಲ್ಲಿ ಅಮೆರಿಕದ ವಿಜ್ಞಾನ ಪತ್ರಿಕೆಯಲ್ಲಿ ಅಚ್ಚಾಯಿತು. ಅದರ ಪ್ರಕಾರ ಭತ್ತದ ಬೆಲೆ ಶೇಕಡಾ 5.1, ಶೇಂಗಾ 3.6, ಮೆಕ್ಕೆಜೋಳ 3.5 ರಷ್ಟು ಏರಿತು. ಹತ್ತಿ, ಹೆಸರು, ತೊಗರಿಗೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. 3.5 ಅಂದರೆ ಕಡಿಮೆ ಅನ್ನಿಸಬಹುದು. ಕ್ವಿಂಟಾಲಿಗೆ 2000 ರೂಪಾಯಿ ಇದ್ದರೆ 70 ರೂಪಾಯಿ ಹೆಚ್ಚು. 30 ಕ್ವಿಂಟಾಲಿಗೆ 2100 ರೂಪಾಯಿ. ಒಂದು ವರ್ಷದ ನೋಟ್‌ಬುಕ್ಕು, ಚಪ್ಪಲಿ, ಬ್ಯಾಗು ಎಲ್ಲಾ ಬಂತು!

ಆದರೆ ವ್ಯವಸ್ಥೆ ಮಾಡಿಟ್ಟರೆ ಸಾಲದು, ಎಲ್ಲರೂ ಅದರಲ್ಲೇ ನಡೆಯಬೇಕು. ಬಿಳಿ ಚೀಟಿಯಲ್ಲಿ ವ್ಯವಹಾರ ಮಾಡಿದರೆ ಆ ಮಾಲು ಕಂಪ್ಯೂಟರಿಗೆ ಕಾಣುವುದೇ ಇಲ್ಲ. ಭೂಮಿ ಯೋಜನೆಯಲ್ಲಿ ಇದನ್ನು ಗಟ್ಟಿಯಾಗಿ ಮಾಡಿದರು. ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಕೈಬರಹದಿಂದ ಕಂಪ್ಯೂಟರಿಗೆ ಏರಿಸಿದ ಮೇಲೆ, ಕೈಯಲ್ಲಿ ಬರೆದ ಪಹಣಿ ನಡೆಯುವುದಿಲ್ಲ ಎಂದು ಮಾಡಿಬಿಟ್ಟರು. 2002 ರ ಹೊತ್ತಿಗೆ ತಾಲ್ಲೂಕು ಕಚೇರಿಯಲ್ಲಿ 15 ರೂಪಾಯಿಗೆ ಪಹಣಿ ಸಿಗುತ್ತಿತ್ತು. ಎರಡೂ ದಾರಿ ತೆರೆದಿಟ್ಟಿದ್ದರೆ ಜನ ಹಳೆಯ ದಾರಿಯಲ್ಲೇ ಹೋಗುತ್ತಿದ್ದರು ಅಂತ ನನಗೆ ಅನ್ನಿಸುತ್ತದೆ.

ಬೇರೆ ತಾಲ್ಲೂಕಿನ ನಮ್ಮ ನೆಂಟರೊಬ್ಬರಿಗೆ ಆದದ್ದನ್ನು ಹೇಳುತ್ತೇನೆ. ಅವರ ಮಾಲಿಗೆ ರೇಟು ಆಯಿತು, ಸಂದೇಶ ಬರಲೇ ಇಲ್ಲ. ವಿಚಾರಿಸಿದರೆ, ಅವರ ಹೆಸರಿನ ಮುಂದೆ ಬೇರೆ ಯಾರದೋ ಮೊಬೈಲ್ ನಂಬರು ಇತ್ತು. ಗೊತ್ತಾಗುವಷ್ಟರಲ್ಲಿ ತೂಕವೂ ಆಗಿ ಲಾರಿಗೆ ಏರಿತ್ತು. ಕಂಪ್ಯೂಟರ್ ತನ್ನ ಕೆಲಸ ಸರಿಯಾಗೇ ಮಾಡಿತ್ತು, ಸಂದೇಶವನ್ನೂ ಕಳಿಸಿತ್ತು. ಅವರ 'ಬೇಡ' ಅನ್ನುವ ಹಕ್ಕು ಹತ್ತು ಅಂಕಿಯಲ್ಲಿ ಕಳೆದುಹೋಯಿತು. ಅಂದಿನಿಂದ ನಮ್ಮ ಮನೆಯಲ್ಲಿ ಮಾಲು ಹೋಗುವ ಹಿಂದಿನ ದಿನ ಅಪ್ಪನ ನಂಬರನ್ನು ದೊಡ್ಡ ಅಕ್ಷರದಲ್ಲಿ ಕಾಗದದ ಮೇಲೆ ಬರೆದುಕೊಡುವುದು ನನ್ನ ಕೆಲಸ. ಗೇಟಿನ ಚೀಟಿ ಬಂದ ಮೇಲೆ ಅಪ್ಪ ಅಲ್ಲಿಂದಲೇ ಫೋನು ಮಾಡಿ ಓದಿ ಹೇಳುತ್ತಾರೆ, ನಾನು ತಾಳೆ ನೋಡುತ್ತೇನೆ.

ಈ ಲೇಖನದ ಕೆಳಗೆ ಸ್ವಲ್ಪ ಜಾಗ ಬಿಟ್ಟಿದ್ದೇನೆ. ಯಾರ ಮನೆಯಲ್ಲಾದರೂ ಹಳೆಯ ಟೆಂಡರ್ ಚೀಟಿ ಅಥವಾ ಲಾಟ್ ನಂಬರಿನ ಚೀಟಿ ಇದ್ದರೆ, ಮನೆಯವರನ್ನು ಕೇಳಿ ತಂದು ಅಂಟಿಸಿ. ಹೆಸರು ಮತ್ತು ಫೋನ್ ನಂಬರಿನ ಮೇಲೆ ಕಾಗದ ಹಚ್ಚಲು ಮರೆಯಬೇಡಿ. ಗೋಂದು ನನ್ನ ಹತ್ತಿರ ಇದೆ.