ಪ್ರಯಾಣ ವಿಮೆ: ಪಾಲಿಸಿಯ ಮಿತಿ, ಪ್ರಯಾಣಿಕನ ಹಕ್ಕು

ಹಾಸನಕ್ಕೆ ಸಮೀಪದ ಬೂವನಹಳ್ಳಿಯಲ್ಲಿ ವಿಮಾನ ನಿಲ್ದಾಣವೊಂದು ನಿರ್ಮಾಣವಾಗಬೇಕೆಂಬ ಸಂಕಲ್ಪವು ದಶಕಗಳಷ್ಟು ಹಳೆಯದಾದರೂ, ಆ ಸೀಮೆಯ ಜನರು ಆಕಾಶಯಾನಕ್ಕಾಗಿ ಅದರ ದಾರಿ ಕಾಯುತ್ತ ಕುಳಿತವರಲ್ಲ. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಮನೆಗಳಿಂದ ಹೊರಟ ಮಕ್ಕಳು ದೂರದೇಶಗಳಲ್ಲಿ ನೆಲಸಿ, ಮಗಳ ಬಾಣಂತನಕ್ಕೆಂದೋ ಮೊಮ್ಮಗುವಿನ ನಾಮಕರಣಕ್ಕೆಂದೋ ವೃದ್ಧ ತಂದೆತಾಯಿಗಳನ್ನು ಕರೆಸಿಕೊಳ್ಳುವುದು ಈಗ ಸಾಮಾನ್ಯ ಸಂಗತಿಯಾಗಿದೆ. ಟಿಕೆಟ್ಟಿನೊಡನೆ ಕೊಳ್ಳುವ ಪ್ರಯಾಣ ವಿಮೆಯ ಪಾಲಿಸಿಯಾದರೋ, ಓದಿ ನೋಡುವವರಿಲ್ಲದೆ ಪಾಸ್‌ಪೋರ್ಟಿನ ಚೀಲದಲ್ಲಿಯೇ ಉಳಿದುಬಿಡುತ್ತದೆ.

ವಿಮೆಯೆಂಬುದು ಕರಾರು. ಪಾಲಿಸಿಯಲ್ಲಿ ಬರೆದಿರುವ ವಿಪತ್ತುಗಳಿಗೆ, ಬರೆದಿರುವ ಮೊತ್ತದವರೆಗೆ, ಬರೆದಿರುವ ನಿಬಂಧನೆಗಳಿಗೆ ಒಳಪಟ್ಟು ಮಾತ್ರವೇ ಕಂಪನಿಯು ಹೊಣೆಯಾಗುತ್ತದೆ. ಪ್ರವಾಸದಲ್ಲಿ ಹಠಾತ್ತನೆ ಬರುವ ಕಾಯಿಲೆ, ಅಪಘಾತ, ಚೆಕ್‌ಇನ್ ಮಾಡಿದ ಸಾಮಾನು ಕಳೆದುಹೋಗುವುದು, ಪಾಸ್‌ಪೋರ್ಟ್ ಕಾಣೆಯಾಗುವುದು, ನಿಗದಿತ ಗಂಟೆಗಳಿಗಿಂತ ಹೆಚ್ಚಿನ ವಿಳಂಬ ಇವು ಸಾಮಾನ್ಯವಾಗಿ ಒಳಗೆ ಸೇರುತ್ತವೆ. ಮದ್ಯಪಾನದ ಅಮಲಿನಲ್ಲಿ ಆದ ಅನಾಹುತ, ವೈದ್ಯರು ಬೇಡವೆಂದರೂ ಕೈಗೊಂಡ ಪ್ರಯಾಣ, ಚಿಕಿತ್ಸೆಗೆಂದೇ ಹೊರಟ ಪ್ರಯಾಣ, ಯುದ್ಧ, ನಿಗಾ ಇಲ್ಲದೆ ಬಿಟ್ಟುಹೋದ ಚೀಲ, ಅದರಲ್ಲಿದ್ದ ನಗದು ಮತ್ತು ಒಡವೆ ಇವು ಬಹುಮಟ್ಟಿಗೆ ಹೊರಗೇ ಉಳಿಯುತ್ತವೆ. ಮನಸ್ಸು ಬದಲಾಯಿಸಿ ಪ್ರಯಾಣವನ್ನು ಕೈಬಿಟ್ಟವನಿಗೆ ರದ್ದತಿಯ ಪರಿಹಾರ ದೊರೆಯುವುದಿಲ್ಲ. ವೀಸಾ ತಿರಸ್ಕೃತವಾದರೂ ಅನೇಕ ಪಾಲಿಸಿಗಳಲ್ಲಿ ಇದೇ ಗತಿ.

ಆದರೆ ವ್ಯಾಜ್ಯದ ಮೂಲವು ಹೆಚ್ಚಾಗಿ ಅಡಗಿರುವುದು ಪ್ರಸ್ತಾವನಾ ಅರ್ಜಿಯ ಒಂದು ಸಾಲಿನಲ್ಲಿ: ‘ಈ ಮೊದಲೇ ಯಾವುದಾದರೂ ಕಾಯಿಲೆ ಇದೆಯೇ?’ ಹತ್ತು ಸಾವಿರ ಮೈಲಿಯಾಚೆ ಕುಳಿತ ಮಗನು ಮೊಬೈಲಿನಲ್ಲಿ ಅರ್ಜಿ ತುಂಬುತ್ತ, ತಂದೆಯವರು ದಿನವೂ ಬೆಳಿಗ್ಗೆ ತಿಂಡಿಗೆ ಮುಂಚೆ ನುಂಗುವ ಷುಗರ್ ಮಾತ್ರೆ, ರಾತ್ರಿ ಮಲಗುವಾಗ ತೆಗೆದುಕೊಳ್ಳುವ ಬಿ.ಪಿ. ಮಾತ್ರೆ ಇವನ್ನು ನೆನೆಯದೆ, ಅಥವಾ ನೆನೆದೂ ಪ್ರೀಮಿಯಂ ಏರೀತೆಂದು ಅಳುಕಿ, ‘ಇಲ್ಲ’ ಎಂಬಲ್ಲಿ ಗುರುತು ಹಾಕುತ್ತಾನೆ. ಹಾಗೆ ಮಾಡುವುದು ಆ ತಂದೆಯ ರಕ್ಷಣೆಯನ್ನು ಬುಡದಲ್ಲಿಯೇ ಕಡಿದಂತೆ. ಅರ್ಜಿಯನ್ನು ಏಜೆಂಟರು ತುಂಬಿದ್ದರೂ, ಸಹಿ ಹಾಕುವುದಕ್ಕೆ ಮುನ್ನ ಪ್ರತಿಯೊಂದು ಉತ್ತರವನ್ನೂ ಓದಿಸಿ ಕೇಳುವುದು ಪ್ರಯಾಣ ಮಾಡುವವರ ಹಕ್ಕು. ಪಾಲಿಸಿಯ ಮುಖ್ಯಾಂಶಗಳನ್ನು ಸರಳವಾಗಿ ತಿಳಿಸುವ ಗ್ರಾಹಕ ಮಾಹಿತಿ ಪತ್ರವನ್ನು ಕನ್ನಡದಲ್ಲಿಯೇ ಕೊಡಿರೆಂದು ಕೇಳಬಹುದು.

ಸತ್ಯವನ್ನು ಹೇಳಿದವನನ್ನು ನ್ಯಾಯಾಲಯವು ಕೈಬಿಡುವುದಿಲ್ಲವೆಂಬುದಕ್ಕೆ 2021ರ ಡಿಸೆಂಬರ್ 6ರಂದು ಸುಪ್ರೀಂ ಕೋರ್ಟು ಇತ್ತ ತೀರ್ಪು ಸಾಕ್ಷಿಯಾಗಿದೆ. 2009ರಲ್ಲಿ ಬಂಧುಗಳ ಮನೆಯ ವಿವಾಹಕ್ಕೆಂದು ಅಮೆರಿಕಕ್ಕೆ ಹೊರಟ ಗೃಹಸ್ಥರೊಬ್ಬರು, ತಮಗೆ ಮಧುಮೇಹವಿದೆಯೆಂದು ತಿಳಿಸಿ, ವೈದ್ಯಕೀಯ ಪರೀಕ್ಷೆಗೂ ಒಳಗಾಗಿ ಸಾಗರೋತ್ತರ ಮೆಡಿಕ್ಲೇಮ್ ಪಾಲಿಸಿಯನ್ನು ಪಡೆದಿದ್ದರು. ಸ್ಯಾನ್ ಫ್ರಾನ್ಸಿಸ್ಕೋ ವಿಮಾನ ನಿಲ್ದಾಣದಲ್ಲಿ ಇಳಿಯುತ್ತಲೇ ನಿತ್ರಾಣವಾಗಿ ಬೆವರಿ ಆಸ್ಪತ್ರೆ ಸೇರಿದ ಅವರ ಹೃದಯದ ನಾಳಗಳಿಗೆ ಮೂರು ಸ್ಟೆಂಟುಗಳನ್ನು ಅಳವಡಿಸಬೇಕಾಯಿತು. ಕೊಬ್ಬು ತಗ್ಗಿಸುವ ಸ್ಟ್ಯಾಟಿನ್ ಮಾತ್ರೆ ಸೇವಿಸುತ್ತಿದ್ದ ಸಂಗತಿಯನ್ನು ಮುಚ್ಚಿಟ್ಟರೆಂದು ವಿಮಾ ಕಂಪನಿಯು ಕ್ಲೇಮನ್ನು ನಿರಾಕರಿಸಿತು. ಕನ್ನಡನಾಡಿನವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರು ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡರೊಡನೆ ಪೀಠದಲ್ಲಿದ್ದು ಬರೆದ ಆ ತೀರ್ಪು, ಪ್ರಾಮಾಣಿಕತೆಯ ಹೊಣೆಯು ವಿಮೆ ಕೊಳ್ಳುವವನ ಮೇಲೆ ಮಾತ್ರವಲ್ಲದೆ ಮಾರುವವನ ಮೇಲೂ ಇದೆಯೆಂದೂ, ತಿಳಿಸಿದ ಆರೋಗ್ಯಸ್ಥಿತಿಯನ್ನು ಪರಿಶೀಲಿಸಿ ಒಮ್ಮೆ ಪಾಲಿಸಿಯನ್ನು ಕೊಟ್ಟಮೇಲೆ ಅದೇ ಸ್ಥಿತಿಯನ್ನು ಮುಂದಿಟ್ಟು ಕ್ಲೇಮನ್ನು ತಳ್ಳಿಹಾಕಲಾಗದೆಂದೂ ಸಾರಿತು. ಬಾಯಿ ಬಿಟ್ಟು ಹೇಳಿದ ಆ ಒಂದು ಮಾತೇ ಅವರನ್ನು ಹನ್ನೆರಡು ವರ್ಷಗಳ ಬಳಿಕವೂ ಕಾಯ್ದಿತು.

ಇನ್ನು, ಪಾಲಿಸಿ ಇಲ್ಲದವನು ನಿರ್ಗತಿಕನೆಂದು ತಿಳಿಯತಕ್ಕದ್ದಲ್ಲ. ಪ್ರಯಾಣಿಕರನ್ನು ಸಾಗಿಸುವವರ ಮೇಲೆ ಕಾನೂನು ಹೊರಿಸಿರುವ ಹೊಣೆಯು ವಿಮೆಗಿಂತ ಬೇರೆಯಾದದ್ದು. 2010ರ ಮೇ 22ರಂದು ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನವು ಮಂಗಳೂರಿನಲ್ಲಿ ದುರಂತಕ್ಕೀಡಾಗಿ 158 ಮಂದಿ ಅಸುನೀಗಿದಾಗ, ಕರಾವಳಿಯ ಮತ್ತು ಕಾಸರಗೋಡಿನ ಅದೆಷ್ಟೋ ಮನೆಗಳು ಆಧಾರ ಕಳೆದುಕೊಂಡವು. ಮೃತರೊಬ್ಬರ ಕುಟುಂಬವು ರಾಷ್ಟ್ರೀಯ ಗ್ರಾಹಕ ಆಯೋಗದ ಮೂಲಕ ಸುಪ್ರೀಂ ಕೋರ್ಟಿನವರೆಗೂ ನಡೆದು, 2020ರ ಮಾರ್ಚಿನಲ್ಲಿ 7 ಕೋಟಿ 64 ಲಕ್ಷ ರೂಪಾಯಿಗಳಿಗೂ ಮಿಗಿಲಾದ ಪರಿಹಾರಕ್ಕೆ ಅರ್ಹವೆಂಬ ತೀರ್ಪನ್ನು ಪಡೆಯಿತು. ಇದು ಮೃತರು ಕೊಂಡ ಯಾವ ಪಾಲಿಸಿಯ ಹಣವೂ ಅಲ್ಲ, ವಿಮಾನ ಸಂಸ್ಥೆಯೇ ತೆರಬೇಕಾದ ಹಣ. ಅಂತರರಾಷ್ಟ್ರೀಯ ಯಾನದಲ್ಲಿ ಸಾಮಾನು ಕೈಸೇರದಿದ್ದರೆ, ನಿಲ್ದಾಣವನ್ನು ಬಿಡುವ ಮುನ್ನವೇ ವಿಮಾನ ಸಂಸ್ಥೆಯ ಕೌಂಟರಿನಲ್ಲಿ ಬರವಣಿಗೆಯ ದೂರು ಕೊಟ್ಟು ಅದರ ಚೀಟಿಯನ್ನು ಪಡೆದಿಟ್ಟುಕೊಳ್ಳಬೇಕು; ವಿಮೆಯ ಕ್ಲೇಮಿಗೂ ಆ ಚೀಟಿಯೇ ಪುರಾವೆ. ಸಾಮಾನಿಗೆ ಹಾನಿಯಾಗಿದ್ದರೆ ಕೈಸೇರಿದ 7 ದಿನಗಳೊಳಗೆ, ತಡವಾಗಿ ಬಂದಿದ್ದರೆ 21 ದಿನಗಳೊಳಗೆ ಲಿಖಿತ ದೂರು ಸಲ್ಲತಕ್ಕದ್ದು.

ರೈಲಿನ ವಿಷಯ ಸಂಕ್ಷೇಪವಾದುದು. ಐ.ಆರ್.ಸಿ.ಟಿ.ಸಿ. ಜಾಲತಾಣದಲ್ಲಿ ಟಿಕೆಟ್ ಕಾದಿರಿಸುವಾಗ ಒಂದು ರೂಪಾಯಿಗೂ ಕಡಿಮೆ ತೆತ್ತು ಒಪ್ಪಿದವರಿಗೆ, ಮರಣ ಸಂಭವಿಸಿದರೆ 10 ಲಕ್ಷ ರೂ. ವಿಮೆಯುಂಟು, ಬಳಿಕ ಬರುವ ಕೊಂಡಿಯಲ್ಲಿ ನಾಮಿನಿಯ ಹೆಸರು ತುಂಬಬೇಕು. ಕೌಂಟರಿನಲ್ಲಿ ಕೊಂಡ ಟಿಕೆಟ್ಟಿಗೆ ಇದಿಲ್ಲ. ಆದರೆ ವಿಮೆಯಿರಲಿ ಇಲ್ಲದಿರಲಿ, 1989ರ ರೈಲ್ವೆ ಕಾಯಿದೆಯ ಪ್ರಕಾರ ರೈಲು ಅಪಘಾತದಲ್ಲಿ ಮಡಿದವರ ಅವಲಂಬಿತರಿಗೆ 8 ಲಕ್ಷ ರೂ. ಪರಿಹಾರವು ಸಲ್ಲುತ್ತದೆ, ಅರ್ಜಿಯನ್ನು ರೈಲ್ವೆ ಕ್ಲೇಮ್ಸ್ ಟ್ರಿಬ್ಯೂನಲ್ಲಿಗೆ ಒಂದು ವರ್ಷದೊಳಗೆ ಸಲ್ಲಿಸಬೇಕು. ಟಿಕೆಟ್ ಸಿಕ್ಕಲಿಲ್ಲವೆಂಬ ಒಂದೇ ಕಾರಣದಿಂದ ಹಕ್ಕು ನಷ್ಟವಾಗದೆಂದು ಸುಪ್ರೀಂ ಕೋರ್ಟು 2018ರಲ್ಲಿ ಸ್ಪಷ್ಟಪಡಿಸಿದೆ. ಕೆ.ಎಸ್.ಆರ್.ಟಿ.ಸಿ. ಬಸ್ಸಿನ ಅಪಘಾತದಲ್ಲಿ ಮೃತರಾದ ಪ್ರಯಾಣಿಕರ ಅವಲಂಬಿತರಿಗೆ ನಿಗಮದ ಪರಿಹಾರ ನಿಧಿಯಿಂದ ಕೊಡುವ ಮೊತ್ತವು 2024ರ ಜನವರಿಯಿಂದ 3 ಲಕ್ಷದಿಂದ 10 ಲಕ್ಷಕ್ಕೇರಿದೆ.

ವಿಮಾ ಕಂಪನಿಯು ಕ್ಲೇಮನ್ನು ತಿರಸ್ಕರಿಸಿದಲ್ಲಿ, ಯಾವ ನಿಬಂಧನೆಯ ಮೇರೆಗೆಂಬುದನ್ನು ಬರವಣಿಗೆಯಲ್ಲಿ ಕೇಳಿ ಪಡೆಯಿರಿ. ಫೋನಿನಲ್ಲಿ ಹೇಳಿದ ‘ಆಗುವುದಿಲ್ಲ’ ಎಂಬ ಮಾತಿಗೆ ಮಣಿಯಬೇಡಿರಿ. ಮೊದಲು ಕಂಪನಿಯ ಕುಂದುಕೊರತೆ ಅಧಿಕಾರಿಗೆ ಬರೆಯಬೇಕು. ಒಂದು ತಿಂಗಳೊಳಗೆ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರವು ಸಮಾಧಾನಕರವಲ್ಲದಿದ್ದರೆ, ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್ನರಲ್ಲಿ ಒಂದು ವರ್ಷದೊಳಗೆ ದೂರು ಕೊಡಬಹುದು. ಅಲ್ಲಿ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. 50 ಲಕ್ಷ ರೂ.ವರೆಗಿನ ಪರಿಹಾರವನ್ನು ಅವರು ಆದೇಶಿಸಬಹುದು, ಆ ಆದೇಶಕ್ಕೆ ಕಂಪನಿಯು ಬದ್ಧವಾಗಿರುತ್ತದೆ. ಆದರೆ ಅದೇ ವಿಷಯವು ಗ್ರಾಹಕ ಆಯೋಗದಲ್ಲಿ ವಿಚಾರಣೆಯಲ್ಲಿದ್ದರೆ ಓಂಬುಡ್ಸ್‌ಮನ್ ಅದನ್ನು ಕೈಗೆತ್ತಿಕೊಳ್ಳುವಂತಿಲ್ಲವಾದುದರಿಂದ, ಮೊದಲು ಯಾವ ಬಾಗಿಲಿಗೆ ಹೋಗಬೇಕೆಂಬುದನ್ನು ಯೋಚಿಸಿ ನಿಶ್ಚಯಿಸಬೇಕು. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯು ದೂರುದಾರನು ತಾನು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಸಲ್ಲಿಸಲು ಅವಕಾಶವಿತ್ತಿರುವುದರಿಂದ, ಬೂವನಹಳ್ಳಿಯವರು ಮುಂಬೈಯ ಕಂಪನಿಯ ವಿರುದ್ಧವೂ ಹಾಸನದ ಜಿಲ್ಲಾ ಗ್ರಾಹಕ ಆಯೋಗದಲ್ಲಿ, ಎರಡು ವರ್ಷಗಳೊಳಗೆ, ದಾವೆ ಹೂಡಬಹುದು. ಅರ್ಜಿ ಬರೆಯಲು ನೆರವು ಬೇಕಾದವರು ಹಾಸನದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನು ಕಾಣಬಹುದು, ಇಲ್ಲವೆ 15100ಕ್ಕೆ ಕರೆಮಾಡಬಹುದು. ಮಹಿಳೆಯರಿಗೂ ಪರಿಶಿಷ್ಟ ಜಾತಿ ಪಂಗಡಗಳವರಿಗೂ ವಿಕಲಚೇತನರಿಗೂ ಅಲ್ಲಿ ಆದಾಯದ ಮಿತಿಯಿಲ್ಲದೆ ಉಚಿತ ನೆರವು ದೊರೆಯುತ್ತದೆ.