ಪಾಯಿಂಟಿನ ಶೀಟು, ಗೋವಿನಜೋಳದ ಸುಳಿ

ಹಂಸಭಾವಿಯಿಂದ ಬಸ್ಸು ಹಿಡಿದು ಹೋಗಿ ಡಿಗ್ರಿ ಹುಡುಗರಿಗೆ ಕಂಪ್ಯೂಟರ್ ಸೈನ್ಸ್ ಕಲಿಸುವ ನನ್ನಂಥವರಿಗೆ ಸಂಶೋಧನೆಯ ಅಳತೆ ಎಂದರೆ ಕಾಲೇಜಿನ ಗುಣಮಟ್ಟ ನೋಡಿಕೊಳ್ಳುವ ಐಕ್ಯೂಎಸಿ ಕೋಶ ಕಳಿಸುವ ಎಕ್ಸೆಲ್ ಶೀಟು. ಪೇಪರಿನ ಹೆಸರು, ಜರ್ನಲ್, ಐಎಸ್‌ಎಸ್‌ಎನ್, ವರ್ಷ, ಲಿಂಕು. ಪೇಪರಿನೊಳಗೆ ಏನಿದೆ ಎಂದು ಕೇಳುವ ಕಾಲಮ್ಮು ಅದರಲ್ಲಿಲ್ಲ. ಕಾಲೇಜುಗಳಿಗೆ ದರ್ಜೆ ಕೊಡುವ ನ್ಯಾಕ್‌ಗೆ ಬೇಕಾಗಿದ್ದುದೂ ಅಷ್ಟೇ: ಐದು ವರ್ಷದ ಪೇಪರುಗಳನ್ನು ಕೂಡಿಸಿ ಅಧ್ಯಾಪಕರ ಸಂಖ್ಯೆಯಿಂದ ಭಾಗಿಸಿದರೆ ಮುಗಿಯಿತು.

ಅಧ್ಯಾಪಕರ ನೇಮಕ, ಬಡ್ತಿಗೆಂದು ಪಾಯಿಂಟು ಎಣಿಸುವ ಯುಜಿಸಿಯ 2018ರ ನಿಯಮಾವಳಿಯ ಪಟ್ಟಿ ಇನ್ನೂ ಸ್ವಾರಸ್ಯಕರ. ವಿಜ್ಞಾನದವರಿಗೆ ಜರ್ನಲ್ ಪೇಪರಿಗೆ 8 ಪಾಯಿಂಟು, ಇಂಪ್ಯಾಕ್ಟ್ ಫ್ಯಾಕ್ಟರ್ ಏರಿದಂತೆ ಮೇಲೊಂದಿಷ್ಟು. ಸಮ್ಮೇಳನದಲ್ಲಿ ಪೇಪರು ಮಂಡಿಸಿದರೆ ವಿದೇಶದಲ್ಲಾದರೆ 7, ದೇಶದೊಳಗಿನ ಅಂತರರಾಷ್ಟ್ರೀಯದ್ದಾದರೆ 5, ರಾಷ್ಟ್ರಮಟ್ಟದ್ದಕ್ಕೆ 3. ನಮ್ಮ ವಿಷಯದ ಹೊಸ ಕೆಲಸ ಹೆಚ್ಚಾಗಿ ಮೊದಲು ಹೊರಬರುವುದೇ ಸಮ್ಮೇಳನಗಳಲ್ಲಿ. ಅಲ್ಲಿ ಪೂರ್ತಿ ಪೇಪರನ್ನು ತಜ್ಞರು ಓದುತ್ತಾರೆ, ಒಳ್ಳೆಯ ಸಮ್ಮೇಳನವಾದರೆ ಬಂದದ್ದರಲ್ಲಿ ಮುಕ್ಕಾಲು ಪಾಲು ವಾಪಸ್ ಹೋಗುತ್ತದೆ. 1981ರಿಂದ ಭಾರತದಲ್ಲೇ ನಡೆದುಬಂದಿರುವ ಎಫ್‌ಎಸ್‌ಟಿಟಿಸಿಎಸ್ ಎಂಬ ಅಂತರರಾಷ್ಟ್ರೀಯ ಸಮ್ಮೇಳನದಲ್ಲಿ ಪೇಪರು ಒಪ್ಪಿತವಾಗುವುದು ಹುಡುಗಾಟವಲ್ಲ. ಪಟ್ಟಿಯ ಪ್ರಕಾರ ಅದಕ್ಕೆ 5. ದುಡ್ಡು ಕಟ್ಟಿದವರನ್ನೆಲ್ಲ ಕರೆಯುವ ಹೊರದೇಶದ ಯಾವುದೋ ಹೋಟೆಲಿನ ಸಭೆಗೆ 7. ತೂಕವೆಲ್ಲ ವಿಮಾನದ ಟಿಕೆಟ್ಟಿನದು!

ಶೀಟಿಗೆ ಸಿಗದ ಕೆಲಸ ಎಂಥದ್ದು ಎಂಬುದು ನನಗೆ ತಿಳಿದದ್ದು ಗೋವಿನಜೋಳದಿಂದ. 2018ರ ಮೇ ತಿಂಗಳಲ್ಲಿ ಶಿವಮೊಗ್ಗದಲ್ಲಿ ದೇಶದಲ್ಲೇ ಮೊದಲು ಪತ್ತೆಯಾದ ಫಾಲ್ ಸೈನಿಕ ಹುಳು ನಮ್ಮ ಹಿರೇಕೆರೂರು ಸೀಮೆಯ ಹೊಲಗಳಿಗೂ ಬಂತು. ಎಲೆಯ ಫೋಟೊ ನೋಡಿ ಹುಳುವಿನ ಕಾಟ ಗುರುತಿಸುವ ಪ್ರಾಜೆಕ್ಟನ್ನು ನನ್ನ ವಿದ್ಯಾರ್ಥಿಗಳು ಹಿಡಿದರು. ಪ್ರೋಗ್ರಾಮು ಬೇಗ ಆಯಿತು. ಬೆವರಿಳಿಸಿದ್ದು ಫೋಟೊಗಳಿಗೆ ಹೆಸರು ಹಚ್ಚುವ ಕೆಲಸ. ಮರಿಹುಳು ಎಲೆಯ ಹಸಿರನ್ನಷ್ಟೇ ಕೆರೆದು ತಿಂದಾಗ ತೆಳ್ಳನೆಯ ಬಿಳಿ ಪೊರೆ ಉಳಿಯುತ್ತದೆ. ದೊಡ್ಡ ಹುಳು ಸುರುಳಿ ಸುತ್ತಿಕೊಂಡಿರುವ ಸುಳಿಯನ್ನು ಕೊರೆದರೆ, ಎಲೆ ಬಿಚ್ಚಿಕೊಂಡಾಗ ಅಡ್ಡಸಾಲಿನಲ್ಲಿ ತೂತುಗಳು. ಇದು ಹುಳುವಿನದೋ ಗಾಳಿಗೆ ಹರಿದದ್ದೋ ಎಂದು ಹುಡುಗರು ಜಗಳಾಡುತ್ತಿದ್ದರೆ, ಹೊಲದ ಅಜ್ಜ ಎಲೆಯನ್ನು ನೋಡಲೂ ಇಲ್ಲ. ಸುಳಿಯೊಳಗೆ ಬೆರಳು ಹಾಕಿ, ಕಟ್ಟಿಗೆ ಪುಡಿಯಂಥ ಲದ್ದಿ ತೆಗೆದು, "ಇದನ್ನ ನೋಡ್ರಿ ಮೊದ್ಲು" ಅಂದ. ಅಂದಿನಿಂದ ಸುಳಿಯ ಫೋಟೊ ಕಡ್ಡಾಯವಾಯಿತು. ಹೀಗೆ ಹೆಸರು ಹಚ್ಚಿದ ಫೋಟೊಗಳ ಆ ಸಂಗ್ರಹ ನಮ್ಮ ಪ್ರೋಗ್ರಾಮಿಗಿಂತ ಬೆಲೆಯುಳ್ಳದ್ದು ಎಂದೇ ನನ್ನ ಅಭಿಪ್ರಾಯ. ಶೀಟಿನಲ್ಲಿ ಅದಕ್ಕೆ ಸಾಲಿಲ್ಲ. ಅದೇ ವರ್ಷ, ಕಳಿಸಿದ ವಾರದೊಳಗೆ ಅಚ್ಚಾದ ಪೇಪರುಗಳಿಗೆ ಪೂರ್ತಿ ಪಾಯಿಂಟು ಬಿದ್ದವು.

ಇಂಥ ಸಂಗ್ರಹಕ್ಕೆ ಎಷ್ಟು ಆಯುಸ್ಸು ಎಂಬುದಕ್ಕೆ ಕನ್ನಡದ್ದೇ ಉದಾಹರಣೆ ಇದೆ. ಸಂಶೋಧಕ ಮಾಣಿಕ್ ವರ್ಮಾ ಮತ್ತು ಸಂಗಡಿಗರು ಬೆಂಗಳೂರಿನ ಬೀದಿಗಳ ಬೋರ್ಡುಗಳಿಂದ ಕನ್ನಡ, ಇಂಗ್ಲಿಷ್ ಅಕ್ಷರಗಳ ಫೋಟೊ ತೆಗೆದು ಕಟ್ಟಿದ 'ಚಾರ್ಸ್74ಕೆ' ಸಂಗ್ರಹ 2009ರಲ್ಲಿ ಒಂದು ಸಮ್ಮೇಳನ ಪೇಪರಾಗಿ ಬಂತು. ಅಕ್ಷರ ಗುರುತಿಸುವ ಕೆಲಸ ಮಾಡುವವರು ಅದನ್ನು ಇಂದಿಗೂ ಬಳಸುತ್ತಾರೆ. ಬಂದ ವರ್ಷವೇ ಅಳೆದಿದ್ದರೆ ಅದು ಸಾವಿರ ಪೇಪರುಗಳ ನಡುವೆ ಇನ್ನೊಂದು ಪೇಪರು ಅಷ್ಟೇ.

ಎಣಿಸುವ ಬದಲು ಓದಿ ಅಳೆಯುವ ಪದ್ಧತಿಯೂ ಇದೆ. ಬ್ರಿಟನ್ನಿನಲ್ಲಿ 2021ರ ಆರ್‌ಇಎಫ್ ಎಂಬ ಸಂಶೋಧನಾ ಮೌಲ್ಯಮಾಪನಕ್ಕೆ ವಿಶ್ವವಿದ್ಯಾಲಯಗಳು ಏಳು ವರ್ಷದ ಕೆಲಸದಲ್ಲಿ ಆರಿಸಿ ಕಳಿಸಬೇಕಾಗಿದ್ದುದು ಅಧ್ಯಾಪಕರಿಗೆ ಸರಾಸರಿ ಎರಡೂವರೆ ಮಾತ್ರ. ಕಂಪ್ಯೂಟರ್ ಸೈನ್ಸಿಗೆಂದೇ ಇದ್ದ ಸಮಿತಿ ಅವನ್ನು ಓದಿತು. ಉಲ್ಲೇಖಗಳ ಲೆಕ್ಕವನ್ನು ಪೂರಕವಾಗಿ ನೋಡಬಹುದಿತ್ತು, ಇಂಪ್ಯಾಕ್ಟ್ ಫ್ಯಾಕ್ಟರ್ ನೋಡುವಂತಿರಲಿಲ್ಲ. ಸಂಶೋಧನೆಯಿಂದ ಹೊರಗಿನವರಿಗೆ ಆದ ಪ್ರಯೋಜನಕ್ಕೆ ಶೇ. 25 ಅಂಕ. ಅದು ದುಬಾರಿ ಪದ್ಧತಿ, ಅಲ್ಲಿಯೂ ಗೊಣಗಾಟವಿದೆ. ಆದರೂ ಅಲ್ಲಿ ಯಾರೋ ಒಬ್ಬರು ಓದುತ್ತಾರೆ.

ಯುಜಿಸಿ 2025ರ ಫೆಬ್ರವರಿಯಲ್ಲಿ ತಾನು ಒಪ್ಪಿದ ಜರ್ನಲ್‌ಗಳ ಕೇರ್ ಪಟ್ಟಿಯನ್ನೇ ಕೈಬಿಟ್ಟು, ಜರ್ನಲ್‌ಗಳ ಯೋಗ್ಯತೆಯನ್ನು ಸಂಸ್ಥೆಗಳೇ ಪರೀಕ್ಷಿಸಿಕೊಳ್ಳಲಿ ಎಂದಿದೆ. ನಮ್ಮ ಜಿಲ್ಲೆಯ ಕಾಲೇಜುಗಳ ಐಕ್ಯೂಎಸಿ ಸಂಯೋಜಕರಲ್ಲಿ ನನ್ನ ವಿನಂತಿ ಇಷ್ಟೇ: ಎಕ್ಸೆಲ್ ಶೀಟು ಇರಲಿ, ಅದರ ಜೊತೆಗೆ ಪ್ರತಿಯೊಬ್ಬರಿಂದ ವರ್ಷದ ಒಂದೇ ಒಂದು ಕೆಲಸವನ್ನು ತರಿಸಿಕೊಳ್ಳಿ. ಪೇಪರಾಗಲಿ, ತಂತ್ರಾಂಶವಾಗಲಿ, ಫೋಟೊ ಸಂಗ್ರಹವಾಗಲಿ, ಬೇರೆ ಕಾಲೇಜಿನ ಅದೇ ವಿಷಯದವರೊಬ್ಬರಿಗೆ ಕಳಿಸಿ ಓದಿಸಿ, ಅವರ ಅಭಿಪ್ರಾಯವನ್ನು ಒಂದು ಪುಟದಲ್ಲಿ ಬರೆಸಿಕೊಳ್ಳಿ.